ಸಂಶೋಧನ ಕರ್ತೃತ್ವ

ವಿದ್ವತ್ಕೃತಿಯೊಂದರಲ್ಲಿ ಪ್ರತಿಪಾದಿತವಾದ ಜ್ಞಾನವನ್ನು ಸಂಪಾದಿಸಿದವರು ಯಾರು, ಅದರ ಸತ್ಯಾಸತ್ಯಗಳಿಗೆ ಹೊಣೆಗಾರರು ಯಾರು, ಅದರಿಂದ ಲಭಿಸುವ ಕೀರ್ತಿಗೂ ಪದವಿಗೂ ಬಾಧ್ಯರು ಯಾರು ಎಂಬುದನ್ನು ಹೆಸರುಗಳ ಮೂಲಕ ನಿಶ್ಚಯಿಸುವ ವ್ಯವಸ್ಥೆಗೆ ಸಂಶೋಧನ ಕರ್ತೃತ್ವವೆಂದು ಹೆಸರು. ಇದಕ್ಕೆ ಎರಡು ಅಂಗಗಳುಂಟು: ಕೃತಿಯ ಮೇಲೆ ಹೆಸರನ್ನು ನಿಲ್ಲಿಸುವುದು ಒಂದು, ನಿಂತ ಹೆಸರಿಗೆ ಸಲ್ಲತಕ್ಕ ಮೌಲ್ಯವನ್ನು ಎಣಿಸುವುದು ಇನ್ನೊಂದು. ಮೊದಲನೆಯದು ಬಹು ಪ್ರಾಚೀನವಾದದ್ದು. ಎರಡನೆಯದು ಇಪ್ಪತ್ತನೆಯ ಶತಮಾನದ ಸೃಷ್ಟಿ.

ಪ್ರಸ್ತುತ ಲೇಖನದಲ್ಲಿ ಕೃತಿಯ ಹೊಣೆ ಹೊತ್ತು ಹೆಸರು ಪಡೆದವನು ‘ಕರ್ತೃ’. ಅನೇಕರಲ್ಲಿ ಒಬ್ಬನಾದವನು ‘ಸಹಕರ್ತೃ’. ಪ್ರಕಟಣೆಯ ಪತ್ರವ್ಯವಹಾರಕ್ಕೆ ಉತ್ತರವಾದಿಯಾದವನು ‘ಸಂಪರ್ಕಕರ್ತೃ’. ಒಂದು ಕೃತಿ ಮತ್ತೊಂದನ್ನು ಆಧಾರವಾಗಿ ಹೆಸರಿಸುವುದು ‘ಉಲ್ಲೇಖ’. ನಿಯತಕಾಲಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಒಂದು ವರ್ಷದಲ್ಲಿ ದೊರೆತ ಉಲ್ಲೇಖಗಳ ಸರಾಸರಿ ‘ಪ್ರಭಾವಾಂಕ’.

ಪೂರ್ವರೂಪಗಳು

ಕರ್ಣಾಟಕದಲ್ಲಿ ಕರ್ತೃತ್ವದ ಅತ್ಯಂತ ಹಳೆಯ ದಾಖಲೆಗಳು ಶಾಸನಗಳು. ಶಾಸನವೊಂದು ಸಿದ್ಧವಾಗಬೇಕಾದರೆ ಪದ್ಯವನ್ನು ರಚಿಸುವ ಕವಿ, ಅದನ್ನು ಅಂದವಾಗಿ ಬರೆದುಕೊಡುವ ಲಿಪಿಕಾರ, ಕಲ್ಲಿನಲ್ಲಿ ಕಂಡರಿಸುವ ರೂವಾರಿ ಎಂಬ ಮೂವರ ಶ್ರಮ ಬೇಕಾಗುತ್ತಿದ್ದು, ಅನೇಕ ಶಾಸನಗಳ ಕೊನೆಯಲ್ಲಿ ಈ ಪಾತ್ರಗಳನ್ನು ಬೇರೆ ಬೇರೆಯಾಗಿಯೇ ಹೆಸರಿಸಿರುತ್ತದೆ. ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನದಲ್ಲಿ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಶಿಲೆಯ ಮೇಲೆ ಬರೆದನೆಂದು ಹೇಳಿರುವುದು, ಎರಡು ಪಾತ್ರಗಳು ಒಬ್ಬನಲ್ಲೇ ಕೂಡಿದಾಗ ಅದನ್ನೂ ತಿಳಿಯಪಡಿಸುವ ಎಚ್ಚರಕ್ಕೆ ಸಾಕ್ಷಿ. 634ರ ಐಹೊಳೆಯ ಪ್ರಶಸ್ತಿಯಲ್ಲಿ ರವಿಕೀರ್ತಿಯು ತನ್ನ ಹೆಸರನ್ನು ಕಾಳಿದಾಸ ಭಾರವಿಗಳ ಪಂಕ್ತಿಯಲ್ಲಿ ನಿಲ್ಲಿಸಿಕೊಂಡಿದ್ದಾನೆ. ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಯ ಮೇಲೆ, ಚಕ್ರವರ್ತಿ ವಿಕ್ರಮಾದಿತ್ಯನನ್ನು ಸ್ತುತಿಸುವ ಸಂಸ್ಕೃತ ಪದ್ಯವನ್ನು ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. ಬರೆಯುವ ಕ್ರಿಯೆಯೇ ಶಿಲ್ಪದ ವಸ್ತುವಾದ ಈ ಅಪೂರ್ವ ನಿದರ್ಶನದಲ್ಲಿ ಸ್ತುತನಾದವನ ಹೆಸರಿದೆ, ಬರೆಯುವವಳ ಹೆಸರಿಲ್ಲ.

ಆಶ್ರಯದಾತನಿಗೂ ರಚಕನಿಗೂ ನಡುವಣ ಗೆರೆ ಪ್ರಾಚೀನ ಗ್ರಂಥಗಳಲ್ಲಿ ಮಸುಕಾಗಿರುವುದುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ನೃಪತುಂಗದೇವನಿಗೆ ಸಮ್ಮತವಾದ ಕೃತಿಯೆಂದು ತನ್ನನ್ನು ತಾನು ವರ್ಣಿಸಿಕೊಳ್ಳುತ್ತದೆ. ಈ ಸಮ್ಮತಿಯು ಕರ್ತೃತ್ವವೇ, ಅಲ್ಲ ಅನುಮೋದನೆ ಮಾತ್ರವೇ ಎಂಬ ಪ್ರಶ್ನೆಯನ್ನೆತ್ತಿಕೊಂಡು ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. 1898ರಲ್ಲಿ ಗ್ರಂಥವನ್ನು ಸಂಪಾದಿಸಿದ ಕೆ. ಬಿ. ಪಾಠಕರು ಅರಸನನ್ನೇ ಕರ್ತೃವೆಂದು ಎಣಿಸಿದರೆ, ಆಸ್ಥಾನಕವಿ ಶ್ರೀವಿಜಯನು ಕರ್ತೃವೆಂಬ ಮತವು ತರುವಾಯ ಹೆಚ್ಚು ಮನ್ನಣೆ ಪಡೆಯಿತು. ಕಲ್ಯಾಣದ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ನಿಂತಿರುವ ಮಾನಸೋಲ್ಲಾಸವು ರಾಜ್ಯಪಾಲನೆಯಿಂದ ಪಾಕಶಾಸ್ತ್ರದವರೆಗೆ ಹಬ್ಬಿದ ವಿಶ್ವಕೋಶಸದೃಶ ಗ್ರಂಥವಾದುದರಿಂದ, ಅದರ ಹಿಂದೆ ಆಸ್ಥಾನದ ಅನೇಕ ತಜ್ಞರ ಜ್ಞಾನವಿದ್ದಿರಬೇಕೆಂದು ಊಹಿಸುವುದು ಸಹಜ. ಇದಕ್ಕೆ ವಿರುದ್ಧವಾಗಿ, ಅದೇ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಗ್ರಂಥಾಂತ್ಯದಲ್ಲಿ ನಗರವನ್ನೂ ಅರಸನನ್ನೂ ಕೊಂಡಾಡಿ, ಪಾಂಡಿತ್ಯದ ಹೊಣೆಯನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡಿದ್ದಾನೆ.

ಅಂಕಿತ ಮತ್ತು ಅದರ ಪರಾಮರ್ಶೆ

ಹನ್ನೆರಡನೆಯ ಶತಮಾನದ ವಚನಕಾರರು ಕರ್ತೃತ್ವವನ್ನು ಸೂಚಿಸಲು ತಮ್ಮ ಹೆಸರನ್ನು ಬಳಸದೆ ಇಷ್ಟದೈವದ ನಾಮವನ್ನು ಅಂಕಿತವಾಗಿ ಬಳಸಿದರು. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮಪ್ರಭುವಿನ ಗುಹೇಶ್ವರ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ ಇವು ಸುಪ್ರಸಿದ್ಧ. ಚೆನ್ನಬಸವಣ್ಣನ ಕೂಡಲಚೆನ್ನಸಂಗಮದೇವ, ಗಂಗಾಂಬಿಕೆಯ ಗಂಗಾಪ್ರಿಯ ಕೂಡಲಸಂಗಮದೇವ ಎಂಬಂಥ ಅಂಕಿತಗಳಲ್ಲಿ ಒಬ್ಬರಿಗೂ ಮತ್ತೊಬ್ಬರಿಗೂ ಇರುವ ಬಾಂಧವ್ಯವೇ ಗುರುತಿನ ಭಾಗವಾಗಿದೆ. ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಬಂದ ಸಹಸ್ರಾರು ವಚನಗಳನ್ನು ಕರ್ತೃವಾರಾಗಿ ವಿಂಗಡಿಸುವ ಕಾರ್ಯ ಈ ಅಂಕಿತಗಳಿಲ್ಲದಿದ್ದರೆ ಅಸಾಧ್ಯವಾಗುತ್ತಿತ್ತು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದುದು ಮೊದಲ್ಗೊಂಡು, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಪ್ರಕಟವಾಗುವವರೆಗೆ, ವಚನ ಸಂಪಾದನೆಯ ಒಂದು ಮುಖ್ಯ ಭಾಗ ಕರ್ತೃನಿರ್ಣಯವೇ ಆಗಿತ್ತು.

ಅಂಕಿತವೊಂದರಿಂದಲೇ ಎಲ್ಲ ಸಂದೇಹಗಳೂ ತೀರುವುದಿಲ್ಲ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ ಅಥವಾ ಇಬ್ಬರೇ ಎಂಬುದು ಕನ್ನಡ ಸಂಶೋಧನೆಯಲ್ಲಿ ದೀರ್ಘ ವಾದಕ್ಕೆ ಎಡೆಯಾದ ವಿಷಯ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವ, ಎರಡು ಹೆಸರಿನ ಒಬ್ಬನನ್ನು ಒಂದುಗೂಡಿಸುವ ಈ ಸಮಸ್ಯೆ ಇಂದಿನ ಗಣಕೀಕೃತ ಉಲ್ಲೇಖಸೂಚಿಗಳನ್ನೂ ಅದೇ ರೂಪದಲ್ಲಿ ಕಾಡುತ್ತಿದೆ. ಅಂಕಿತವನ್ನು ಬದಲಿಸಿದರೆ ಏನಾಗುತ್ತದೆಂಬುದು ನ್ಯಾಯಾಲಯದವರೆಗೂ ಹೋದುದುಂಟು. ಬಸವಣ್ಣನವರ ವಚನಗಳ ಅಂಕಿತವನ್ನು ಲಿಂಗದೇವ ಎಂದು ಮಾರ್ಪಡಿಸಿ ಪ್ರಕಟಿಸಿದ ಸಂಕಲನವೊಂದನ್ನು ಧಾರ್ಮಿಕ ಭಾವನೆಗಳಿಗೆ ಧಕ್ಕೆಯಾಗುವುದೆಂಬ ಕಾರಣದಿಂದ ಕರ್ನಾಟಕ ಸರಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು.

ಆಧುನಿಕ ಪದ್ಧತಿಯ ಉಗಮ

1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯನ್ನು ಆರಂಭಿಸಿದಂದಿನಿಂದ, ಶೋಧವನ್ನು ಮೊದಲು ಪ್ರಕಟಿಸಿದವನಿಗೆ ಅದರ ಪ್ರಾಥಮ್ಯ ಸಲ್ಲುವುದೆಂಬ ಸಂಪ್ರದಾಯ ಕ್ರಮವಾಗಿ ಬೇರೂರಿತು. ಕನ್ನಡದಲ್ಲಿ 1916ರ ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆಯೂ ಅನಂತರದ ಪ್ರಬುದ್ಧ ಕರ್ಣಾಟಕವೂ ಹೆಸರು ಹೊತ್ತ ಸಂಶೋಧನ ಲೇಖನಕ್ಕೆ ನೆಲೆಯಾದವು. ಏಕಕರ್ತೃತ್ವವೇ ಅಂದಿನ ರೂಢಿ. ಸಾಮೂಹಿಕ ಶ್ರಮವನ್ನು ಬೇಡುವ ನಿಘಂಟು ವಿಶ್ವಕೋಶಗಳು ಬಂದಾಗ ಮಾತ್ರ ಈ ರೂಢಿ ಸಾಲದಾಯಿತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶವು ಲೇಖನದ ಕೊನೆಯಲ್ಲಿ ಲೇಖಕರ ನಾಮಾಕ್ಷರಗಳನ್ನು ಕೊಟ್ಟು, ಸಂಪುಟದ ಹೊಣೆಯನ್ನು ಸಂಪಾದಕ ಮಂಡಲಿಗೆ ವಹಿಸುವ ಮಾರ್ಗವನ್ನು ಅನುಸರಿಸಿತು.

ಹೆಸರು ದಾಖಲಾಗದೆ ಹೋದ ನೆರವೂ ಉಂಟು. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಶೋಧಿಸಿ 1909ರಲ್ಲಿ ಪ್ರಕಟಿಸಿದುದು ಜಗತ್ಪ್ರಸಿದ್ಧವಾದರೂ, ಆ ಹಸ್ತಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸಿದವರನ್ನು ವಿದ್ವಲ್ಲೋಕ ತಂಜಾವೂರು ಪ್ರಾಂತದ ಪಂಡಿತರೆಂದಷ್ಟೇ ಬಲ್ಲುದು.

ಕರ್ತೃಪಂಕ್ತಿಯ ರಚನೆ

ಅನೇಕ ಕರ್ತೃಗಳುಳ್ಳ ಲೇಖನದಲ್ಲಿ ಹೆಸರುಗಳ ಅನುಕ್ರಮವೇ ಒಂದು ಭಾಷೆ. ಆದರೆ ಅದರ ಅರ್ಥ ಶಾಸ್ತ್ರದಿಂದ ಶಾಸ್ತ್ರಕ್ಕೆ ಬೇರೆ. ಗಣಿತದಲ್ಲಿಯೂ ಅರ್ಥಶಾಸ್ತ್ರದ ಬಹುಭಾಗದಲ್ಲಿಯೂ ಹೆಸರುಗಳು ಅಕಾರಾದಿಯಾಗಿ ಬರುವುದರಿಂದ ಮೊದಲ ಸ್ಥಾನಕ್ಕೆ ವಿಶೇಷ ಮಹತ್ವವಿಲ್ಲ. ಜೀವವಿಜ್ಞಾನ, ವೈದ್ಯಕೀಯ ಹಾಗೂ ಪಶುವೈದ್ಯಕೀಯಗಳಲ್ಲಿ ಪ್ರಯೋಗವನ್ನು ಮುಖ್ಯವಾಗಿ ನಡೆಸಿದವನು ಮೊದಲು, ಪ್ರಯೋಗಶಾಲೆಯ ಹಿರಿಯನು ಕೊನೆಗೆ ನಿಲ್ಲುವುದು ವಾಡಿಕೆ. ಬೀದರಿನ ನಂದಿನಗರದಲ್ಲಿ ಕೇಂದ್ರಸ್ಥಾನವನ್ನುಳ್ಳ, 2004ರ ಅಧಿನಿಯಮದಿಂದ ಸ್ಥಾಪಿತವಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ಬಗೆಯ ಸಾಮೂಹಿಕ ಸಂಶೋಧನೆಯ ಸ್ವರೂಪವನ್ನು ಅರಿಯಲು ಅನುಕೂಲವಾದ ನಿದರ್ಶನ. ಗಡಿನಾಡಿನ ದೇವಣಿ ತಳಿಯ ಗೋವುಗಳಂಥ ವಿಷಯವನ್ನು ಕುರಿತ ಅಧ್ಯಯನವೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ, ಮಾರ್ಗದರ್ಶಕ, ಸಲಹಾ ಸಮಿತಿಯ ಸದಸ್ಯರು, ರಕ್ತಪರೀಕ್ಷೆ ಮಾಡಿದ ಪ್ರಯೋಗಾಲಯದವರು, ಅಂಕಿಅಂಶಗಳನ್ನು ವಿಶ್ಲೇಷಿಸಿದವರು ಹೀಗೆ ನಾಲ್ಕಾರು ಮಂದಿ ಕೂಡಿರುವುದು ಸ್ವಾಭಾವಿಕ; ದನಗಳನ್ನು ಸಾಕಿ, ತಲೆಮಾರುಗಳಿಂದ ತಳಿಯ ಲಕ್ಷಣವನ್ನು ಕಾಪಾಡಿಕೊಂಡು ಬಂದ ಭಾಲ್ಕಿ ಔರಾದ ಕಡೆಯ ರೈತರಿಗೆ ಸಲ್ಲುವುದೇನಿದ್ದರೂ ಕೃತಜ್ಞತೆಯ ಸಾಲು.

ಪಂಕ್ತಿಯ ಉದ್ದಕ್ಕೆ ಮಿತಿಯಿಲ್ಲ. 1928ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಹೊಸ ಬೆಳಕಿನ ಶೋಧದ ಲೇಖನಕ್ಕೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಎಂಬ ಎರಡೇ ಹೆಸರುಗಳು; 1930ರ ನೊಬೆಲ್ ಪಾರಿತೋಷಕ ರಾಮನ್ನರೊಬ್ಬರಿಗೇ ಬಂದುದರಿಂದ ಕೃಷ್ಣನ್ನರ ಪಾಲಿನ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಬೆಂಗಳೂರಿಗೆ ಬಂದ ಮೇಲೆ ರಾಮನ್ನರು ತಾವೇ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ನಾಗೇಂದ್ರನಾಥರೊಡನೆ ಪ್ರಕಟಿಸಿದ ಸಿದ್ಧಾಂತವಾದರೋ ರಾಮನ್–ನಾಥ್ ಎಂಬ ಜೋಡುಹೆಸರಿನಿಂದಲೇ ಉಳಿದುಬಂದಿತು. ಇದಕ್ಕೆ ಎದುರಾಗಿ, ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತ 2015ರ ಲೇಖನಕ್ಕೆ 5,154 ಮಂದಿ ಕರ್ತೃಗಳು. 33 ಪುಟಗಳ ಪೈಕಿ 24 ಪುಟಗಳನ್ನು ಹೆಸರುಗಳೂ ಸಂಸ್ಥೆಗಳೂ ಆಕ್ರಮಿಸಿವೆ.

ಅರ್ಹತೆಯ ನಿಯಮಗಳು ಮತ್ತು ದುರುಪಯೋಗ

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು 1978ರಲ್ಲಿ ವ್ಯಾಂಕೂವರಿನಲ್ಲಿ ಕೂಡಿದ ಸಂಪಾದಕರ ಗೋಷ್ಠಿಯಿಂದ ಬೆಳೆದುಬಂದುದು. ಅದರ ನಿಯಮದಂತೆ ಕರ್ತೃವಾಗಬೇಕಾದವನು ಶೋಧದ ಕಲ್ಪನೆಯಲ್ಲಿಯೋ ದತ್ತಾಂಶದ ಸಂಗ್ರಹ ವಿಶ್ಲೇಷಣೆಗಳಲ್ಲಿಯೋ ಗಣನೀಯ ಪಾಲು ಹೊಂದಿರಬೇಕು, ಬರವಣಿಗೆಯಲ್ಲಿ ಅಥವಾ ಅದರ ವಿಮರ್ಶಾತ್ಮಕ ಪರಿಷ್ಕರಣದಲ್ಲಿ ಭಾಗಿಯಾಗಿರಬೇಕು, ಅಂತಿಮ ರೂಪವನ್ನು ಒಪ್ಪಿರಬೇಕು, ಹಾಗೂ ಕೃತಿಯ ಎಲ್ಲ ಅಂಶಗಳಿಗೂ ಉತ್ತರವಾದಿಯಾಗಿರಬೇಕು. ಈ ನಾಲ್ಕನೆಯ ಷರತ್ತು 2013ರಲ್ಲಿ ಸೇರಿತು. ಧನ ಒದಗಿಸಿದ ಮಾತ್ರಕ್ಕೆ, ವಿಭಾಗದ ಮುಖ್ಯಸ್ಥನೆಂಬ ಮಾತ್ರಕ್ಕೆ ಕರ್ತೃತ್ವ ಲಭಿಸುವುದಿಲ್ಲ.

ಈ ನಿಯಮವನ್ನು ಮೀರುವ ಬಗೆಗಳಿಗೆ ಹೆಸರುಗಳು ಸ್ಥಿರವಾಗಿವೆ. ಏನನ್ನೂ ಮಾಡದವನನ್ನು ಗೌರವಕ್ಕಾಗಿಯೋ ಭಯಕ್ಕಾಗಿಯೋ ಸೇರಿಸುವುದು ಅತಿಥಿ ಕರ್ತೃತ್ವ. ನಿಜವಾಗಿ ಬರೆದವನನ್ನು ಮರೆಮಾಡುವುದು ಪ್ರಚ್ಛನ್ನ ಕರ್ತೃತ್ವ. ಹಣಕ್ಕೆ ಸ್ಥಾನವನ್ನು ಮಾರುವುದು ಕ್ರೀತ ಕರ್ತೃತ್ವ; ಇದು ಸಿದ್ಧಲೇಖನಗಳನ್ನು ತಯಾರಿಸಿ ಮಾರುವ ಕೂಟಗಳ ಕಸುಬಾಗಿ ಬೆಳೆದಿದೆ. ಪರರ ಬರಹವನ್ನು ತನ್ನದೆನ್ನುವ ಕೃತಿಚೌರ್ಯಕ್ಕೆ ಸಂಬಂಧಿಸಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಶೇಕಡ 10ರವರೆಗಿನ ಸಾದೃಶ್ಯವನ್ನು ಕ್ಷಮಿಸಿ, ಅದಕ್ಕೆ ಮೇಲ್ಪಟ್ಟುದನ್ನು ಶೇ. 40 ಮತ್ತು 60ರ ಎಲ್ಲೆಗಳಿಂದ ಮೂರು ಹಂತಗಳಾಗಿ ವಿಂಗಡಿಸಿ ದಂಡನೆಯನ್ನು ವಿಧಿಸಿವೆ.

ಹೆಸರಿನ ಅನುಕ್ರಮದಿಂದ ಶ್ರಮದ ಸ್ವರೂಪ ತಿಳಿಯದೆಂಬ ಕೊರತೆಯನ್ನು ನೀಗಲು, ಕಲ್ಪನೆ, ವಿಧಾನ, ತಂತ್ರಾಂಶ, ದತ್ತಾಂಶಪಾಲನೆ, ಮೊದಲ ಕರಡು, ಮೇಲ್ವಿಚಾರಣೆ ಮುಂತಾದ 14 ಪಾತ್ರಗಳ ‘ಕ್ರೆಡಿಟ್’ ಎಂಬ ಪಟ್ಟಿ ಬಳಕೆಗೆ ಬಂದು 2022ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಕವಿ, ಲಿಪಿಕಾರ, ರೂವಾರಿಗಳನ್ನು ಬೇರೆ ಬೇರೆ ಹೆಸರಿಸಿದ ಶಾಸನಪದ್ಧತಿಯನ್ನು ಬಲ್ಲವರಿಗೆ ಇದರ ತತ್ತ್ವ ನವೀನವೆನಿಸಲಾರದು.

ಮಾಪನ

ಪ್ರಕಟಣೆಗಳನ್ನು ಎಣಿಸುವ ಶಾಸ್ತ್ರಕ್ಕೆ ಬೆಂಗಳೂರಿನೊಡನೆ ನಂಟುಂಟು. ಗ್ರಂಥಾಲಯ ವಿಷಯಗಳಿಗೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ವಿದ್ಯೆಗೆ ‘ಲೈಬ್ರಮೆಟ್ರಿ’ ಎಂಬ ಹೆಸರನ್ನು 1948ರಲ್ಲಿ ಸೂಚಿಸಿದ ಎಸ್. ಆರ್. ರಂಗನಾಥನ್ನರೇ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಇದಕ್ಕೂ ಹಿಂದೆ, 1926ರಲ್ಲಿ, ಆಲ್‌ಫ್ರೆಡ್ ಲೋಟ್ಕಾ ಎಂಬಾತನು ಲೇಖನಗಳ ಬಹುಪಾಲನ್ನು ಕೆಲವೇ ಕರ್ತೃಗಳು ರಚಿಸುತ್ತಾರೆಂಬುದನ್ನು ಸೂತ್ರರೂಪದಲ್ಲಿ ತೋರಿಸಿದ್ದನು. ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಪ್ರಸ್ತಾವಿಸಿ 1964ರಲ್ಲಿ ಕಾರ್ಯಗತಗೊಳಿಸಿದ ವಿಜ್ಞಾನ ಉಲ್ಲೇಖಸೂಚಿಯಿಂದ, ಎಷ್ಟು ಬರೆದನೆಂಬುದರ ಜೊತೆಗೆ ಎಷ್ಟು ಮಂದಿ ಅದನ್ನು ಬಳಸಿದರೆಂಬುದೂ ಎಣಿಕೆಗೆ ದಕ್ಕಿತು. ಗ್ರಂಥಾಲಯಗಳು ಯಾವ ಪತ್ರಿಕೆಯನ್ನು ತರಿಸಬೇಕೆಂದು ತೀರ್ಮಾನಿಸಲು ನೆರವಾಗಿದ್ದ ಪ್ರಭಾವಾಂಕವನ್ನು ವ್ಯಕ್ತಿಯ ಯೋಗ್ಯತೆಯ ಅಳತೆಗೋಲಾಗಿ ಬಳಸತೊಡಗಿದುದು ಪತ್ರಿಕೆಯ ಗುಣವನ್ನು ಲೇಖನಕ್ಕೆ ಆರೋಪಿಸಿದಂತಾಗಿದ್ದು, ಈ ಆರೋಪವನ್ನು 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಸ್ಪಷ್ಟವಾಗಿ ನಿರಾಕರಿಸಿತು.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕವು ಲೇಖನಸಂಖ್ಯೆ ಮತ್ತು ಉಲ್ಲೇಖಸಂಖ್ಯೆಗಳನ್ನು ಒಂದುಗೂಡಿಸುತ್ತದೆ: ಒಬ್ಬನ 12 ಲೇಖನಗಳು ಪ್ರತಿಯೊಂದೂ ಕನಿಷ್ಠ 12 ಉಲ್ಲೇಖಗಳನ್ನು ಪಡೆದಿದ್ದು, 13 ಲೇಖನಗಳು ತಲಾ 13ನ್ನು ಪಡೆದಿಲ್ಲವಾದರೆ ಆತನ ಸೂಚ್ಯಂಕ 12. ಇದರಲ್ಲಿ ಏಕಕರ್ತೃವಿಗೂ ಐದು ಸಾವಿರ ಸಹಕರ್ತೃಗಳಲ್ಲೊಬ್ಬನಿಗೂ ಭೇದವಿಲ್ಲ. ಭೇದವನ್ನು ತರಲು ಭಿನ್ನಾಂಶ ಗಣನೆಯನ್ನು, ಎಂದರೆ ನಾಲ್ವರಿದ್ದರೆ ಪ್ರತಿಯೊಬ್ಬನಿಗೂ ಕಾಲುಪಾಲನ್ನು ಕೊಡುವ ಕ್ರಮವನ್ನು, ಕೆಲವರು ಅನುಸರಿಸುತ್ತಾರೆ.

ಭಾರತದ ಅಂಕಪದ್ಧತಿ

ಅನುದಾನ ಆಯೋಗದ 2018ರ ನೇಮಕಾತಿ ನಿಯಮಾವಳಿಯು ಪಶುವೈದ್ಯಕೀಯವೂ ಸೇರಿದ ವಿಜ್ಞಾನಶಾಖೆಗಳಲ್ಲಿ ಒಂದು ಸಂಶೋಧನ ಲೇಖನಕ್ಕೆ 8, ಭಾಷೆ ಮತ್ತು ಮಾನವಿಕಗಳಲ್ಲಿ 10 ಅಂಕಗಳನ್ನು ಗೊತ್ತುಮಾಡಿದೆ. ಇಬ್ಬರು ಕರ್ತೃಗಳಿದ್ದರೆ ಪ್ರತಿಯೊಬ್ಬರಿಗೂ ಮೌಲ್ಯದ ಶೇ. 70, ಇಬ್ಬರಿಗಿಂತ ಹೆಚ್ಚಾದರೆ ಪ್ರಥಮ, ಪ್ರಧಾನ ಅಥವಾ ಸಂಪರ್ಕಕರ್ತೃವಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ಹೀಗಾಗಿ ನಾಲ್ವರು ಬರೆದ ಪಶುವೈದ್ಯಕೀಯ ಲೇಖನವೊಂದರಲ್ಲಿ ಮೊದಲಿಗನಿಗೆ 5.6, ಮಿಕ್ಕ ಮೂವರಿಗೆ ತಲಾ 2.4 ಅಂಕಗಳು ಸಂದು, 8 ಅಂಕದ ಲೇಖನ ಒಟ್ಟಿನಲ್ಲಿ 12.8 ಅಂಕಗಳನ್ನು ಹಂಚಿದಂತಾಗುತ್ತದೆ. ಭಿನ್ನಾಂಶ ಗಣನೆಯಲ್ಲಾದರೆ ತಲಾ 2 ಮಾತ್ರ. ಕನ್ನಡ ಅಧ್ಯಾಪಕರಿಬ್ಬರು ಕೂಡಿ ಬರೆದರೆ ತಲಾ 7, ಒಟ್ಟು 14. ಸಹಕರ್ತೃಗಳು ಹೆಚ್ಚಿದಷ್ಟೂ ಅಂಕಗಳ ಮೊತ್ತ ಬೆಳೆಯುವ ಈ ಏರ್ಪಾಡು ಕೂಡಿ ದುಡಿಯುವುದಕ್ಕೆ ಪ್ರೋತ್ಸಾಹವೂ ಹೌದು, ಅತಿಥಿ ಕರ್ತೃತ್ವಕ್ಕೆ ಆಹ್ವಾನವೂ ಹೌದು.

ಮಾನವಿಕ ಶಾಸ್ತ್ರಗಳಿಗೆ ಇದರಿಂದ ಒದಗಿದ ಫಲ ಮತ್ತೂ ವಿಚಾರಣೀಯವಾದುದು. ರಾಷ್ಟ್ರೀಯ ಪ್ರಕಾಶಕರಿಂದ ಹೊರಬಂದ ಸ್ವತಂತ್ರ ಗ್ರಂಥಕ್ಕೆ 10, ಸಂಪಾದಿತ ಗ್ರಂಥಕ್ಕೆ 8, ಅನುವಾದಿತ ಪುಸ್ತಕಕ್ಕೆ 8 ಅಂಕಗಳಿರುವುದರಿಂದ, ವರ್ಷಗಟ್ಟಲೆ ಓಲೆಗರಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕನ ಶ್ರಮ ಪತ್ರಿಕಾಲೇಖನವೊಂದಕ್ಕಿಂತ ಕಡಿಮೆಯಾಗಿ ತೂಗುತ್ತದೆ. ಹಳಕಟ್ಟಿಯವರ ಬಗೆಯ ಕೆಲಸಕ್ಕೆ ಈ ತಕ್ಕಡಿ ಒದಗದೆಂಬುದು ಸ್ಪಷ್ಟ. ಕೃಷಿ ಮತ್ತು ಪಶುವಿಜ್ಞಾನಗಳ ಕ್ಷೇತ್ರದಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿಯು ಪತ್ರಿಕೆಗಳಿಗೆ ನಿಗದಿಪಡಿಸುವ ಅಂಕಗಳೂ ಬಳಕೆಯಲ್ಲಿವೆ.

ಹೆಸರುಗಳ ಸಮಸ್ಯೆ

ಪಾಶ್ಚಾತ್ಯ ಸೂಚಿಗಳು ಕುಲನಾಮವನ್ನು ಆಧರಿಸಿ ರಚಿತವಾದವು. ದಕ್ಷಿಣ ಕರ್ಣಾಟಕದ ರೂಢಿಯಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಬಂದು ಸ್ವನಾಮ ಕೊನೆಗೆ ನಿಲ್ಲುವುದರಿಂದ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಸ್ವನಾಮದ ಅಡಿಯಲ್ಲಿ ದಾಖಲಾಗುತ್ತಾರೆ. ಬೀದರವೂ ಸೇರಿದಂತೆ ಉತ್ತರದ ರೂಢಿಯಲ್ಲಿ ಸ್ವನಾಮ, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮವಿರುವುದರಿಂದ ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿಯವರು ಮನೆತನದ ಹೆಸರಿನ ಅಡಿಯಲ್ಲಿ ದಾಖಲಾಗುತ್ತಾರೆ. ಒಂದೇ ಭಾಷೆಯ ಇಬ್ಬರು ವಿದ್ವಾಂಸರ ಹೆಸರಿನ ಬೇರೆ ಬೇರೆ ಅಂಗಗಳು ಹೀಗೆ ಒಂದೇ ಕೋಷ್ಟಕದಲ್ಲಿ ಸೇರುತ್ತವೆ. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಸಂಧಿಸುವ ಬೀದರ ಸೀಮೆಯಲ್ಲಿ ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ಅನೇಕ ಬಗೆಯಾಗಿ ಬರೆಯುವುದರಿಂದ ಒಬ್ಬನ ಕೃತಿಗಳು ಇಬ್ಬರು ಮೂವರಲ್ಲಿ ಹಂಚಿಹೋಗುವ ಸಂಭವ ಅಧಿಕ. ಇದಕ್ಕೆ ಪರಿಹಾರವಾಗಿ 2012ರಲ್ಲಿ ಪ್ರಾರಂಭವಾದ ‘ಆರ್ಕಿಡ್’ ಸಂಸ್ಥೆಯು ಪ್ರತಿ ಸಂಶೋಧಕನಿಗೂ 16 ಸ್ಥಾನಗಳ ಶಾಶ್ವತ ಗುರುತುಸಂಖ್ಯೆಯನ್ನು ಕೊಡುತ್ತದೆ.

ಇಂದಿನ ಸ್ಥಿತಿ

ವಿಶ್ವಾಸಾರ್ಹ ಪತ್ರಿಕೆಗಳನ್ನು ಗುರುತಿಸಲು ಅನುದಾನ ಆಯೋಗವು ನಿರ್ವಹಿಸುತ್ತಿದ್ದ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟು, ಆ ವಿವೇಚನೆಯನ್ನು ಆಯಾ ವಿದ್ಯಾಸಂಸ್ಥೆಗಳಿಗೇ ಬಿಡಲಾಯಿತು. ಯಂತ್ರಬುದ್ಧಿಯ ಲೇಖನಸಾಧನಗಳು ವ್ಯಾಪಕವಾದ ಮೇಲೆ, ಅವುಗಳನ್ನು ಕರ್ತೃವೆಂದು ಹೆಸರಿಸಕೂಡದೆಂದೂ ಬಳಸಿದ್ದರೆ ಅದನ್ನು ತಿಳಿಸಬೇಕೆಂದೂ ಪ್ರಕಟಣ ನೀತಿ ಸಮಿತಿ ಮತ್ತು ವೈದ್ಯಕೀಯ ಸಂಪಾದಕರ ಸಮಿತಿಗಳು 2023ರಲ್ಲಿ ವಿಧಿಸಿದವು. ಹೊಣೆ ಹೊರಲಾರದುದಕ್ಕೆ ಹೆಸರು ಸಲ್ಲದೆಂಬುದು ಅದರ ಆಧಾರ.

ಕನ್ನಡದಲ್ಲಿ ಪ್ರಕಟವಾದ ಸಂಶೋಧನೆ ಅಂತರರಾಷ್ಟ್ರೀಯ ಉಲ್ಲೇಖಸೂಚಿಗಳ ವ್ಯಾಪ್ತಿಗೆ ಬಹುಮಟ್ಟಿಗೆ ಹೊರಗೇ ಉಳಿದಿದೆ. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಗ್ರಂಥಗಳಲ್ಲಿ ಗಣಕಯಂತ್ರವು ಪದವನ್ನೂ ಹೆಸರನ್ನೂ ಹುಡುಕಲಾರದು. ಕನ್ನಡ ಲೇಖನಗಳ ಅಡಿಟಿಪ್ಪಣಿಗಳಲ್ಲಿ ದೊರೆತ ಉಲ್ಲೇಖಗಳನ್ನು ಎಣಿಸುವವರೂ ಇಲ್ಲ. ಆದಕಾರಣ 2023ರಲ್ಲಿ ಕಾರ್ಯಾರಂಭ ಮಾಡಿದ, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿರುವ ಬೀದರ ವಿಶ್ವವಿದ್ಯಾಲಯದಲ್ಲಿ ಕುಳಿತು ಕಲ್ಯಾಣದ ಶಾಸನಗಳ ಮೇಲೆ ಕನ್ನಡದಲ್ಲಿ ಬರೆಯುವ ವಿದ್ವಾಂಸನಿಗೆ ಬಡ್ತಿಯ ಅಂಕಗಳು ಸಲ್ಲುತ್ತವೆ, ಎಚ್-ಸೂಚ್ಯಂಕ ಸಲ್ಲುವುದಿಲ್ಲ. ಆತನಿಂದ ಕೆಲವೇ ಹರದಾರಿ ದೂರದ ನಂದಿನಗರದಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಪಶುವಿಜ್ಞಾನಿಗೆ ಎರಡೂ ಸಲ್ಲುತ್ತವೆ.